ಬೋರ್ಡ್: ಶಬ್ದ ಒಂದು, ಅರ್ಥ ಹತ್ತಾರು

ಜತ್ತ ತಾಲೂಕಿನಲ್ಲಿ ತಮಗೆ ಇಂಗ್ಲಿಷ್ ಬರುವುದಿಲ್ಲ ಎನ್ನುವವರೂ ದಿನಕ್ಕೆ ಹತ್ತು ಸಲ ಆಡುವ ಇಂಗ್ಲಿಷ್ ಶಬ್ದವೊಂದಿದೆ. ಅದು 'ಬೋರ್ಡ್'. "ಬಸ್ಸಿನ ಬೋರ್ಡ ನೋಡಿ ಹತ್ತು", "ಬೋರ್ಡಿನವರು ಲೈಟ್ ಕಟ್ ಮಾಡ್ಯಾರ", "ಮಗಳದು ಈ ವರ್ಷ ಬೋರ್ಡ ಪರೀಕ್ಷಾ ಐತಿ", "ಸೊಸಾಯಟಿ ಬೋರ್ಡ ಬರಖಾಸ್ತ ಆತು", "ಆ ಬೋರ್ಡಿನ್ಯಾಗ ಚಾರ್ಜರ್ ಹಚ್ಚು". ಐದು ಮಾತು, ಐದು ಅರ್ಥ. ಕೇಳಿದವರಿಗೆ ಗೊಂದಲವಿಲ್ಲ. ಮಾತಿನ ಸಂದರ್ಭವೇ ಅರ್ಥ ಹೇಳಿಬಿಡುತ್ತದೆ.

ಗೊಂದಲ ಶುರುವಾಗುವುದು ಕಾಗದದ ಮೇಲೆ. ಹತ್ತನೇ ಇಯತ್ತೆ ಪಾಸಾದ ಹುಡುಗ ವಿಜಯಪುರದ ಕಾಲೇಜಿಗೆ ಅರ್ಜಿ ತುಂಬುವಾಗ 'ಬೋರ್ಡ್' ಎಂಬ ಕಾಲಂ ಬರುತ್ತದೆ. ಅಲ್ಲಿ ಶಾಲೆಯ ಹೆಸರು ಬರೆಯುವವರಿದ್ದಾರೆ, ಜಿಲ್ಲಾ ಪರಿಷತ್ ಎಂದು ಬರೆಯುವವರೂ ಇದ್ದಾರೆ. ಮರಾಠಿ ನೋಟಿಸಿನಲ್ಲಿ 'ಮಂಡಳ' ಎಂದು ಕಂಡರೆ ಅದು ಕನ್ನಡದ 'ಮಂಡಳಿ'ಯೇ ಎಂದು ತಿಳಿದು ಬೇರೆ ಆಫೀಸಿನ ಬಾಗಿಲಿಗೆ ಹೋಗುವುದೂ ಉಂಟು. ಎರಡು ಭಾಷೆ ಬಲ್ಲ ನಮಗೆ ಮೂರನೆಯ ಭಾಷೆಯ ಈ ಒಂದು ಶಬ್ದ ಎಲ್ಲೆಲ್ಲಿ ಏನಾಗುತ್ತದೆ ಎಂದು ನೋಡೋಣ.

ಮೂಲ: ಒಂದು ಹಲಗೆ

ಬೋರ್ಡ್ ಎಂದರೆ ಮೊದಲು ಕಟ್ಟಿಗೆಯ ಹಲಗೆ, ಅಷ್ಟೇ. ಹಳೆಯ ಇಂಗ್ಲಿಷಿನಲ್ಲಿ ಇದು 'ಬೊರ್ಡ್' ಎಂದಿತ್ತು. ಹಲಗೆಗೆ ಕಾಲು ಕೂಡಿಸಿದರೆ ಮೇಜು. ಹಾಗಾಗಿ ಬೋರ್ಡ್ ಎಂದರೆ ಊಟದ ಮೇಜು ಎಂದಾಯಿತು. ಮೇಜಿನ ಮೇಲೆ ಬಡಿಸುವ ಊಟಕ್ಕೂ ಅದೇ ಹೆಸರು ಬಂತು. ಮೇಜಿನ ಸುತ್ತ ಕುಳಿತು ಕಾರಭಾರ ನಡೆಸುವ ಮಂದಿಯೂ ಬೋರ್ಡ್ ಆದರು. ಈಗ ನಾವು ಆಡುವ ಹೆಚ್ಚಿನ ಅರ್ಥಗಳು ಈ ಹಲಗೆ, ಊಟ, ಮಂದಿ ಎಂಬ ಮೂರರಿಂದ ಹೊರಟವು.

ನಮ್ಮ ಭಾಷೆಗಳಲ್ಲೂ ಹಲಗೆ ಸುಮ್ಮನೆ ಕುಳಿತಿಲ್ಲ. ಕನ್ನಡದಲ್ಲಿ ಬಾರಿಸುವ ಹಲಗೆಯೂ ಹಲಗೆಯೇ. ಮರಾಠಿಯಲ್ಲಿ ಅದು 'ಹಲಗೀ'. ಜಾತ್ರೆಯಲ್ಲಿ ಅದರ ಸದ್ದಿಗೆ ಭಾಷೆಯ ಗಡಿ ಇಲ್ಲ. ಸಾಲಿಯ ಕರಿಹಲಗೆ ಮರಾಠಿಯಲ್ಲಿ 'ಫಳಾ'. ನಾವು ಸಣ್ಣವರಿದ್ದಾಗ ಚೀಲದಲ್ಲಿ ಒಯ್ಯುತ್ತಿದ್ದ ಸ್ಲೇಟಿಗೆ ಇಲ್ಲಿಯ ಕನ್ನಡದಲ್ಲಿ 'ಪಾಟಿ' ಎನ್ನುತ್ತೇವೆ. ಮರಾಠಿಯ 'ಪಾಟೀ' ಸ್ಲೇಟೂ ಹೌದು, ಅಂಗಡಿಯ ಬೋರ್ಡೂ ಹೌದು. ಪುಣೆಯ ಮನೆಗಳ ಮೇಲಿನ ಖಾರವಾದ 'ಪುಣೇರಿ ಪಾಟ್ಯಾ' ಎಂದರೆ ಈ ಬೋರ್ಡುಗಳೇ. ಕೆಲಸ ಹುಡುಕಿ ಪುಣೆಗೆ ಹೋದ ನಮ್ಮ ಹುಡುಗರು ಅವನ್ನು ಓದಿ ನಕ್ಕವರೇ.

ಸಾಲಿಯ ಬೋರ್ಡಿನ ಮಾತು ಬಂತೆಂದರೆ ಒಂದು ಯೋಜನೆಯ ಹೆಸರು ಹೇಳಲೇಬೇಕು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಡಿ ಕೇಂದ್ರ ಸರಕಾರ 1987-88ರಲ್ಲಿ 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಶುರು ಮಾಡಿತು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಬೋರ್ಡು, ನಕಾಶೆ, ಪುಸ್ತಕ ಇರಬೇಕು ಎಂಬುದು ಅದರ ಉದ್ದೇಶ. ಮರಾಠಿಯಲ್ಲಿ ಇದಕ್ಕೆ 'ಖಡೂ-ಫಳಾ ಯೋಜನಾ' ಎಂದು ಹೆಸರಿಟ್ಟರು. ಖಡೂ ಅಂದರೆ ಸೀಮೆಸುಣ್ಣ. ಇಂಗ್ಲಿಷ್ ಹೆಸರಿಗಿಂತ ಇದೇ ಚೆನ್ನಾಗಿದೆ ಎಂದು ನಮ್ಮ ಅನಿಸಿಕೆ.

ಊಟದ ಬೋರ್ಡು

'ಬೋರ್ಡಿಂಗ್ ಅಂಡ್ ಲಾಜಿಂಗ್' ಎಂದು ಹೋಟೆಲಿನ ಮೇಲೆ ಬರೆದಿರುತ್ತದಲ್ಲ, ಅಲ್ಲಿ ಬೋರ್ಡಿಂಗ್ ಎಂದರೆ ಊಟ, ಲಾಜಿಂಗ್ ಎಂದರೆ ವಸತಿ. ಬರೀ ಲಾಜಿಂಗ್ ಎಂದಿದ್ದರೆ ಊಟ ಹೊರಗೆ ನೋಡಿಕೊಳ್ಳಬೇಕು.

ನಮ್ಮ ಭಾಗದಲ್ಲಿ 'ಬೋರ್ಡಿಂಗ್' ಶಬ್ದಕ್ಕೆ ಹೋಟೆಲಿಗಿಂತ ದೊಡ್ಡ ಚರಿತ್ರೆ ಇದೆ. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1901ರಲ್ಲಿ ಮರಾಠಾ ವಿದ್ಯಾರ್ಥಿಗಳಿಗಾಗಿ ವಿಕ್ಟೋರಿಯಾ ಬೋರ್ಡಿಂಗ್ ಆರಂಭಿಸಿದರು. ಅದರ ಬೆನ್ನಿಗೆ ಜೈನ, ಲಿಂಗಾಯತ, ಮುಸ್ಲಿಂ ಹೀಗೆ ಒಂದೊಂದು ಸಮಾಜಕ್ಕೆ ಒಂದೊಂದು ಬೋರ್ಡಿಂಗ್ ಎದ್ದವು. ಹಳ್ಳಿಯಿಂದ ಬಂದ ಬಡ ಹುಡುಗನಿಗೆ ಶಹರದಲ್ಲಿ ಶಾಲೆ ಇತ್ತು, ಆದರೆ ಉಣ್ಣಲು, ಮಲಗಲು ಜಾಗ ಇರಲಿಲ್ಲ. ಬೋರ್ಡಿಂಗ್ ಆ ಜಾಗ ಕೊಟ್ಟಿತು. ಕುಂಭೋಜದಲ್ಲಿ ಹುಟ್ಟಿದ ಕರ್ಮವೀರ ಭಾವೂರಾವ ಪಾಟೀಲರು 1924ರಲ್ಲಿ ಸಾತಾರಾದಲ್ಲಿ ತೆರೆದ ಬೋರ್ಡಿಂಗಿನಲ್ಲಿ ಎಲ್ಲ ಜಾತಿಯ ಹುಡುಗರೂ ಒಟ್ಟಿಗೆ ಉಂಡು ಓದಿದರು. ಅವರ ರಯತ ಶಿಕ್ಷಣ ಸಂಸ್ಥೆಯ ಹೆಸರು ಇಂದಿಗೂ ದಕ್ಷಿಣ ಮಹಾರಾಷ್ಟ್ರದಲ್ಲಿ ಮನೆಮಾತು. ನಮ್ಮ ಹಿರಿಯರು "ಆಂವ ಬೋರ್ಡಿಂಗಿನ್ಯಾಗ ಕಲತಾಂವ" ಎಂದರೆ ಅದರಲ್ಲಿ ಗೌರವವಿದೆ. ಹಸಿವಿನಲ್ಲೂ ಓದು ಬಿಡದವನು ಎಂದು ಅದರ ಅರ್ಥ. ಈಗ 'ಹಾಸ್ಟೆಲ್' ಎಂಬ ಶಬ್ದ ಬಂದು ಬೋರ್ಡಿಂಗ್ ಹಳೆಯದಾಗಿದೆ.

ಆದರೆ ಖಾಸಗಿ ಬಸ್ಸಿನ ಟಿಕೇಟಿನ ಮೇಲಿನ 'ಬೋರ್ಡಿಂಗ್ ಪಾಯಿಂಟ್' ಊಟದ ಜಾಗವಲ್ಲ, ಬಸ್ಸು ಹತ್ತುವ ಜಾಗ. ವಿಮಾನದ 'ಬೋರ್ಡಿಂಗ್ ಪಾಸ್' ಕೂಡ ಹಾಗೆಯೇ. ಹಡಗಿನ ಬದಿಗೂ ಬೋರ್ಡ್ ಎನ್ನುತ್ತಿದ್ದರು. ಅದನ್ನು ದಾಟಿ ಒಳಗೆ ಹೋಗುವುದೇ ಬೋರ್ಡಿಂಗ್.

ಲೈಟಿನ ಬೋರ್ಡು ಈಗ ಬೋರ್ಡಲ್ಲ

ಡಿ.ಪಿ. ಸುಟ್ಟರೆ ಅಥವಾ ಬಿಲ್ಲು ಹೆಚ್ಚು ಬಂದರೆ ನಾವು ಇಂದಿಗೂ "ಎಂ.ಎಸ್.ಇ.ಬಿ. ಆಫೀಸಿಗೆ ಹೋಗೂಣು" ಎನ್ನುತ್ತೇವೆ. ಗಡಿಯಾಚೆ ಚಡಚಣ, ಇಂಡಿಯ ಕಡೆ "ಕೆ.ಇ.ಬಿ.ಯವರು" ಎನ್ನುತ್ತಾರೆ. ಎರಡರ ಕೊನೆಯ 'ಬಿ' ಎಂದರೆ ಬೋರ್ಡ್. ಎರಡೂ ಈಗ ಇಲ್ಲ!

ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಳ 1960ರ ಜೂನ್‌ನಲ್ಲಿ ಹುಟ್ಟಿತು. 2003ರ ವಿದ್ಯುತ್ ಕಾಯ್ದೆಯ ನಂತರ, 2005ರ ಜೂನ್ 6ರಂದು ಅದನ್ನು ಒಡೆದು ಕಂಪನಿಗಳನ್ನಾಗಿ ಮಾಡಿದರು. ವಿದ್ಯುತ್ ತಯಾರಿಸುವುದು ಮಹಾನಿರ್ಮಿತಿ, ದೊಡ್ಡ ತಂತಿಗಳಲ್ಲಿ ಸಾಗಿಸುವುದು ಮಹಾಪಾರೇಷಣ, ನಮ್ಮ ಮನೆಗೆ, ಮೋಟಾರಿಗೆ ಕೊಟ್ಟು ಬಿಲ್ಲು ಕಳಿಸುವುದು ಮಹಾವಿತರಣ. ಕರ್ನಾಟಕದಲ್ಲಿ ಕೆ.ಇ.ಬಿ. 1999ರಲ್ಲೇ ಕೊನೆಗೊಂಡು ಕೆ.ಪಿ.ಟಿ.ಸಿ.ಎಲ್. ಬಂತು. 2002ರಿಂದ ವಿಜಯಪುರ ಜಿಲ್ಲೆಗೆ ವಿದ್ಯುತ್ ಹಂಚುವುದು ಹುಬ್ಬಳ್ಳಿಯ ಹೆಸ್ಕಾಂ.

ಬಾಯಿಮಾತಿಗೆ ಎಂ.ಎಸ್.ಇ.ಬಿ. ಎಂದರೆ ಏನೂ ಕೆಡುವುದಿಲ್ಲ. ಆದರೆ ಗ್ರಾಹಕ ನ್ಯಾಯಾಲಯಕ್ಕೆ ದೂರು ಕೊಡುವಾಗ ಎದುರುದಾರನ ಹೆಸರು ಸರಿಯಾಗಿರಬೇಕು. ಅಲ್ಲಿ 'ವಿದ್ಯುತ್ ಬೋರ್ಡ್' ಎಂದು ಬರೆಯದೆ 'ಮಹಾರಾಷ್ಟ್ರ ರಾಜ್ಯ ವಿದ್ಯುತ್ ವಿತರಣ ಕಂಪನಿ ಮರ್ಯಾದಿತ' ಎಂದು ಬಿಲ್ಲಿನ ಮೇಲಿನ ಹೆಸರನ್ನೇ ಬರೆಯುವುದು ಒಳ್ಳೆಯದು. ಇಲ್ಲಿ 'ಮರ್ಯಾದಿತ' ಎಂದರೆ ಲಿಮಿಟೆಡ್, ಕನ್ನಡದಲ್ಲಿ 'ನಿಯಮಿತ'. ಬೆಂಗಳೂರಿನ ಕಡೆಯವರು ಇದನ್ನು ಮೊದಲ ಸಲ ಓದಿದರೆ ಬಲು ಮರ್ಯಾದೆಯ ಕಂಪನಿ ಎಂದುಕೊಂಡಾರು.

ಪರೀಕ್ಷೆಯ ಬೋರ್ಡು

ಎಲ್ಲಕ್ಕಿಂತ ಜಾಗ್ರತೆ ಬೇಕಾದದ್ದು ಇಲ್ಲಿ. ಜತ್ತ ತಾಲೂಕಿನಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ, ಕನ್ನಡ ಮಾಧ್ಯಮದ ಹೈಸ್ಕೂಲುಗಳೂ ಇವೆ. ಶಾಲೆ ನಡೆಸುವವರು ಯಾರೇ ಇರಲಿ, ಹತ್ತನೆಯ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವುದು ಮಹಾರಾಷ್ಟ್ರ ರಾಜ್ಯ ಮಾಧ್ಯಮಿಕ ಮತ್ತು ಉಚ್ಚ ಮಾಧ್ಯಮಿಕ ಶಿಕ್ಷಣ ಮಂಡಳ, ಪುಣೆ. ಇದು 1966ರ ಜನವರಿ 1ರಿಂದ ಇದೆ. ಇದರ ಕೆಳಗೆ ವಿಭಾಗೀಯ ಮಂಡಳಗಳಿವೆ. ಸಾಂಗಲಿ, ಸಾತಾರಾ, ಕೊಲ್ಹಾಪುರ ಜಿಲ್ಲೆಗಳು ಕೊಲ್ಹಾಪುರ ವಿಭಾಗಕ್ಕೆ ಸೇರುತ್ತವೆ. ಕನ್ನಡದಲ್ಲಿ ಉತ್ತರ ಬರೆದರೂ ಬೋರ್ಡ್ ಮಹಾರಾಷ್ಟ್ರದ್ದೇ. ಮಾಧ್ಯಮ ಬೇರೆ, ಬೋರ್ಡ್ ಬೇರೆ. "ನಾವು ಕನ್ನಡ ಸಾಲ್ಯಾಗ ಕಲತೇವಿ, ಅಂದ್ರ ಕರ್ನಾಟಕ ಬೋರ್ಡ" ಎನ್ನುವುದು ತಪ್ಪು.

ನಮ್ಮ ಮಕ್ಕಳ ಪರೀಕ್ಷೆ ಎಸ್.ಎಸ್.ಸಿ. ಕರ್ನಾಟಕದ್ದು ಎಸ್.ಎಸ್.ಎಲ್.ಸಿ. ನಡುವಿನ 'ಎಲ್' ಎಂದರೆ ಲೀವಿಂಗ್. ಒಂದೇ ಅಕ್ಷರದ ಫರಕಾದರೂ ಆನ್‌ಲೈನ್ ಅರ್ಜಿಯ ಪಟ್ಟಿಯಲ್ಲಿ ಎರಡೂ ಬೇರೆ ಬೇರೆ ಸಾಲಿನಲ್ಲಿರಬಹುದು. ನೋಡಿ ಒತ್ತಬೇಕು.

ಕರ್ನಾಟಕದ ಬೋರ್ಡಿನ ಹೆಸರೂ ಬದಲಾಗಿದೆ. ಮೊದಲು ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿತ್ತು. ಪಿ.ಯು.ಸಿ. ಪರೀಕ್ಷೆ ಯಾವ ಬೋರ್ಡಿನದೂ ಆಗಿರಲಿಲ್ಲ, ಅದು ಪದವಿಪೂರ್ವ ಶಿಕ್ಷಣ ಇಲಾಖೆಯದು. 2022ರಲ್ಲಿ ಎರಡೂ ಪರೀಕ್ಷೆಗಳನ್ನು ಒಂದೇ ಸೂರಿನಡಿ ತಂದು 'ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ' ಮಾಡಿದರು. ಆದ್ದರಿಂದ ವಿಜಯಪುರದಲ್ಲಿ ಹಳೆಯ ಕಾಲದಲ್ಲಿ ಪಿ.ಯು.ಸಿ. ಮಾಡಿ ಈಗ ಮಹಾರಾಷ್ಟ್ರದ ನೌಕರಿಗೆ ಅರ್ಜಿ ಹಾಕುವವರು ಬೋರ್ಡ್ ಕಾಲಂನಲ್ಲಿ ತಮ್ಮ ಅಂಕಪಟ್ಟಿಯ ಮೇಲೆ ಯಾವ ಹೆಸರಿದೆಯೋ ಅದನ್ನೇ ಬರೆಯಬೇಕು. ಹೊಸ ಹೆಸರು ಬರೆದರೆ ಕಾಗದಕ್ಕೂ ಅರ್ಜಿಗೂ ತಾಳೆಯಾಗುವುದಿಲ್ಲ. ಒಂದು ರಾಜ್ಯದ ಬೋರ್ಡಿನಿಂದ ಇನ್ನೊಂದು ರಾಜ್ಯಕ್ಕೆ ಹೋಗುವವರಿಗೆ 'ಮೈಗ್ರೇಷನ್' ಪ್ರಮಾಣಪತ್ರ ಕೇಳುವುದುಂಟು. ಅದನ್ನು ಕೊಡುವುದು ಬೋರ್ಡ್. ಶಾಲೆ ಕೊಡುವುದು 'ಶಾಲಾ ಸೋಡಲ್ಯಾಚಾ ದಾಖಲಾ', ಅಂದರೆ ಟಿ.ಸಿ. ಇವೆರಡನ್ನು ಒಂದೇ ಎಂದು ತಿಳಿದು ಕಾಲೇಜಿನ ಕೌಂಟರಿನಿಂದ ಮರಳಿ ಬಂದವರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಒಂದು ಕಾಗದಕ್ಕಾಗಿ ಕೊಲ್ಹಾಪುರದ ದಾರಿ ಹಿಡಿದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ.

ಇನ್ನು ಮಕ್ಕಳ ಕನ್ನಡ ಪುಸ್ತಕದ ಮೇಲಿನ 'ಬಾಲಭಾರತಿ'. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಮರಾಠಿ, ಉರ್ದು, ಕನ್ನಡ ಮೊದಲಾದ ಮಾಧ್ಯಮಗಳಿಗೆ ಪಠ್ಯಪುಸ್ತಕ ಮಾಡುತ್ತದೆ. ಮರಾಠಿಯಲ್ಲಿ ಇದರ ಹೆಸರಿನ ಕೊನೆಗೂ 'ಮಂಡಳ' ಇದೆ. ಆದರೆ ಇಂಗ್ಲಿಷಿನಲ್ಲಿ ಇದು ಬೋರ್ಡ್ ಅಲ್ಲ, 'ಬ್ಯೂರೋ'. ಪರೀಕ್ಷೆಗೂ ಇದಕ್ಕೂ ಸಂಬಂಧವಿಲ್ಲ.

ಮಂಡಳ, ಮಂಡಳಿ, ಮಂಡಲ

ಗಡಿಯವರು ಎಡವುವುದು ಇಲ್ಲೇ. ಕನ್ನಡದ 'ಮಂಡಳಿ' ಬಹುಮಟ್ಟಿಗೆ ಇಂಗ್ಲಿಷಿನ ಬೋರ್ಡಿಗೆ ಸರಿ ಹೊಂದುತ್ತದೆ. ಮರಾಠಿಯ 'ಮಂಡಳ' ಇನ್ನೂ ಅಗಲ. ಶಿಕ್ಷಣ ಮಂಡಳ ಬೋರ್ಡ್ ಆದರೆ, ಮಂತ್ರಿಮಂಡಳ ಕ್ಯಾಬಿನೆಟ್, ಗಣಪತಿ ಕೂಡಿಸುವ ತರುಣ ಮಂಡಳ ಒಂದು ಸಂಘ. ಅದಕ್ಕೆ 'ಮಹಾ' ಸೇರಿಸಿದರೆ ಕಾರ್ಪೊರೇಷನ್. ಎಸ್.ಟಿ. ಎಂದರೆ ರಾಜ್ಯ ಮಾರ್ಗ ಪರಿವಹನ ಮಹಾಮಂಡಳ. ಮ್ಹೈಸಾಳ ಯೋಜನೆಯ ನೀರಿನ ಮಾತು ಬಂದಾಗಲೆಲ್ಲ ಕೇಳುವ 'ಕೃಷ್ಣಾ ಖೋರೆ ವಿಕಾಸ ಮಹಾಮಂಡಳ' 1996ರಲ್ಲಿ ಆದದ್ದು. ಇದೂ ಕಾರ್ಪೊರೇಷನ್ನೇ. ಕನ್ನಡದಲ್ಲಿ ಕಾರ್ಪೊರೇಷನ್ನಿಗೆ 'ನಿಗಮ' ಎನ್ನುತ್ತಾರೆ. ಅದೇ ಕೃಷ್ಣೆಗೆ ಆಚೆ ಇರುವುದು 'ಕೃಷ್ಣಾ ಭಾಗ್ಯ ಜಲ ನಿಗಮ'. ಹೊಳೆ ಒಂದೇ, ಈ ಕಡೆ ಮಹಾಮಂಡಳ, ಆ ಕಡೆ ನಿಗಮ.

ಹೊಲದ ಫೇರಫಾರ ಮಂಜೂರು ಮಾಡುವ 'ಮಂಡಳ ಅಧಿಕಾರಿ' ಯಾವ ಬೋರ್ಡಿನ ಅಧಿಕಾರಿಯೂ ಅಲ್ಲ. ತಲಾಠಿಯ ಮೇಲಿನ ಸರ್ಕಲ್ ಸಾಹೇಬರು ಅವರು. ಇಲ್ಲಿ ಮಂಡಳ ಎಂದರೆ ಸರ್ಕಲ್, ಕೆಲವು ಹಳ್ಳಿಗಳ ಗುಂಪು. ಕರ್ನಾಟಕದಲ್ಲಿ ಇದಕ್ಕೆ ಹೋಬಳಿ, ಅಲ್ಲಿಯ ಅಧಿಕಾರಿ ಕಂದಾಯ ನಿರೀಕ್ಷಕರು, ಜನರ ಬಾಯಲ್ಲಿ ಆರ್.ಐ. ಆಚೆಯ ಬೀಗರು "ನಮ್ಮಪ್ಪ ಮಂಡಲ ಮೆಂಬರ್ ಇದ್ದರು" ಎಂದರೆ ಅದು ಮತ್ತೊಂದು. 1987ರಲ್ಲಿ ಚುನಾವಣೆಯಾಗಿ ಬಂದ ಮಂಡಲ ಪಂಚಾಯತಿಯ ಮಾತು ಅದು. 1993ರ ಕಾಯ್ದೆಯಿಂದ ಅದು ಹೋಗಿ ಗ್ರಾಮ ಪಂಚಾಯತಿ ಬಂತು.

ತೀರಾ ಹಿರಿಯರು "ಲೋಕಲ್ ಬೋರ್ಡ" ಎನ್ನುವುದನ್ನು ಕೇಳಿರಬಹುದು. ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿ ಜಿಲ್ಲೆಯ ರಸ್ತೆ, ಬಾವಿ, ದವಾಖಾನೆ ನೋಡುತ್ತಿದ್ದದ್ದು ಇದೇ ಬೋರ್ಡು. ಬಿಜಾಪುರ ಜಿಲ್ಲೆಯೂ ಆಗ ಅದೇ ಪ್ರಾಂತದಲ್ಲಿತ್ತು. ಜತ್ತ ಮಾತ್ರ ಡಫಳೆ ಮನೆತನದ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮಹಾರಾಷ್ಟ್ರದಲ್ಲಿ 1962ರ ಮೇ 1ರಿಂದ ಲೋಕಲ್ ಬೋರ್ಡಿನ ಜಾಗದಲ್ಲಿ ಜಿಲ್ಲಾ ಪರಿಷತ್ತುಗಳು ಬಂದವು. ಕರ್ನಾಟಕದಲ್ಲಿ 'ತಾಲೂಕು ಬೋರ್ಡ್' 1980ರ ದಶಕದವರೆಗೂ ಇತ್ತು.

ಸೊಸಾಯಟಿ, ಸಕ್ಕರೆ ಕಾರ್ಖಾನೆಗಳ ಬೋರ್ಡು ಎಲ್ಲರಿಗೂ ಗೊತ್ತಿದ್ದದ್ದೇ. ಮರಾಠಿಯಲ್ಲಿ ಸಂಚಾಲಕ ಮಂಡಳ, ಕನ್ನಡದಲ್ಲಿ ಆಡಳಿತ ಮಂಡಳಿ. ಬೋರ್ಡು ಬರಖಾಸ್ತಾದರೆ ಇಲ್ಲಿ 'ಪ್ರಶಾಸಕ' ಬರುತ್ತಾನೆ, ಅಲ್ಲಿ 'ಆಡಳಿತಾಧಿಕಾರಿ'.

ಬಾಗಿಲ ಮೇಲಿನ ಬೋರ್ಡು

ಇದು ಅಂಗಡಿಕಾರರು ಗಮನಿಸಬೇಕಾದ ವಿಷಯ. ಮಹಾರಾಷ್ಟ್ರದಲ್ಲಿ 2022ರ ಕಾಯ್ದೆ ತಿದ್ದುಪಡಿಯ ನಂತರ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗೂ ದೇವನಾಗರಿಯಲ್ಲಿ ಮರಾಠಿ ಬೋರ್ಡು ಕಡ್ಡಾಯ. ವ್ಯಾಪಾರಿಗಳು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಎರಡು ತಿಂಗಳೊಳಗೆ ಬೋರ್ಡು ಬದಲಿಸಿ ಎಂದು ಹೇಳಿತು. ಹಾಗೆಂದು ಕನ್ನಡ ಬರೆಯಬಾರದು ಎಂದಿಲ್ಲ. ಬೇರೆ ಭಾಷೆಯೂ ಇರಬಹುದು, ಆದರೆ ಮರಾಠಿ ಅಕ್ಷರ ಅದಕ್ಕಿಂತ ಸಣ್ಣದಿರಬಾರದು. ಉಮದಿ, ಸಂಖ, ಮಾಡಗ್ಯಾಳದ ಪೇಟೆಯಲ್ಲಿ ಮರಾಠಿಯ ಜೊತೆಗೆ ಕನ್ನಡ ಬರೆಸುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಗಡಿ ದಾಟಿದರೆ ಲೆಕ್ಕ ತಿರುಗುತ್ತದೆ. ಕರ್ನಾಟಕದಲ್ಲಿ 2024ರ ತಿದ್ದುಪಡಿಯಂತೆ ಬೋರ್ಡಿನ ಶೇ. 60 ಭಾಗ ಕನ್ನಡದಲ್ಲಿರಬೇಕು. ಎರಡೂ ಕಡೆ ಅಂಗಡಿ ಇಟ್ಟವರು ಒಂದೇ ಬೋರ್ಡನ್ನು ಎರಡು ಪ್ರತಿ ಮಾಡಿಸಿದರೆ ಒಂದು ಕಡೆ ದಂಡ ತೆರಬೇಕಾದೀತು.

ಸರಕಾರಿ ನೋಟಿಸ್ ಬೋರ್ಡಿನ ಮಾತು ಬೇರೆ. ಜಿಲ್ಲೆ, ತಾಲೂಕು ಅಥವಾ ಪಟ್ಟಣದಲ್ಲಿ ಒಂದು ಅಲ್ಪಸಂಖ್ಯಾತ ಭಾಷೆಯವರು ಶೇ. 15ರಿಂದ 20ರಷ್ಟಿದ್ದರೆ ಮುಖ್ಯ ನಿಯಮ, ನೋಟಿಸುಗಳನ್ನು ಆ ಭಾಷೆಯಲ್ಲೂ ಪ್ರಕಟಿಸಬೇಕು ಎಂದು 1956ರಲ್ಲಿ ಕೇಂದ್ರ ಸರಕಾರ ಹೇಳಿತು. ಇದು ಕಾಯ್ದೆಯಲ್ಲ, ನೀತಿ. ಆದರೆ ಇದನ್ನು ನೋಡಿಕೊಳ್ಳಲು ಸಂವಿಧಾನದ 350ಬಿ ವಿಧಿಯಡಿ ಭಾಷಿಕ ಅಲ್ಪಸಂಖ್ಯಾತರ ಆಯುಕ್ತರ ಹುದ್ದೆ ಇದೆ. ಅಲ್ಲಿಗೆ ಮನವಿ ಬರೆಯಬಹುದು. ಬೆಳೆ ವಿಮೆಯ ಕೊನೆಯ ತಾರೀಕು ಮರಾಠಿಯಲ್ಲಿ ಮಾತ್ರ ಅಂಟಿಸಿದ್ದರೆ, ಕನ್ನಡ ಮಾತ್ರ ಓದಬಲ್ಲ ಮುದುಕಿಗೆ ಆ ನೋಟಿಸ್ ಬೋರ್ಡು ಇದ್ದೂ ಇಲ್ಲದ ಹಾಗೆ.

ಬಸ್ಸಿನ ಬೋರ್ಡಿನಲ್ಲೂ ಇದೇ ಕಥೆ. ವಿಜಯಪುರ ಎಂದು 2014ರ ನವೆಂಬರ್ 1ರಿಂದ ಹೆಸರು ಬದಲಾದರೂ ಮರಾಠಿಯವರ ಬಾಯಲ್ಲಿ ಅದು ಇನ್ನೂ 'ವಿಜಾಪೂರ'. ನಮ್ಮ ಹಿರಿಯರಿಗೆ ಬಿಜಾಪುರ. ಮೂರೂ ಒಂದೇ ಊರು ಎಂದು ಹೊಸದಾಗಿ ಬಂದ ಸೊಸೆಯಂದಿರಿಗೆ ಹೇಳಿಕೊಡಬೇಕಾಗುತ್ತದೆ.

ಕಿವಿಗೆ ಒಂದೇ, ಅರ್ಥ ಬೇರೆ

"ಬೋರ್ ಹೊಡಸೇವಿ" ಎಂದರೆ ಹೊಲದಲ್ಲಿ ಕೊಳವೆಬಾವಿ ಕೊರೆಸಿದೆವು. "ಬೋರ್ ಹೊಡೀತು" ಎಂದರೆ ಬೇಸರ ಬಂತು. ಇಂಗ್ಲಿಷಿನಲ್ಲಿ ಕೊರೆಯುವುದು, ಬೇಸರ ತರಿಸುವುದು ಎರಡಕ್ಕೂ 'ಬೋರ್' ಎಂದೇ ಅಕ್ಷರ. ಅದರ ಭೂತಕಾಲದ ರೂಪ 'ಬೋರ್ಡ್' ಉಚ್ಚಾರದಲ್ಲಿ ನಮ್ಮ ಬೋರ್ಡಿನಂತೆಯೇ ಕೇಳುತ್ತದೆ, ಕಾಗುಣಿತ ಮಾತ್ರ ಬೇರೆ. ಐದು ನೂರು ಅಡಿ ಹೋದರೂ ನೀರು ಬೀಳದ ಬೋರು ಎರಡೂ ಅರ್ಥದಲ್ಲಿ ಬೋರೇ!

'ಬಾರ್ಡರ್' ಮಾತ್ರ ಬೋರ್ಡಿನ ಸಂಬಂಧಿಕ. ಹಳೆಯ ಇಂಗ್ಲಿಷಿನಲ್ಲಿ ಹಲಗೆ ಎಂಬ ಬೊರ್ಡ್ ಒಂದಿತ್ತು, ಅಂಚು ಅಥವಾ ಹಡಗಿನ ಬದಿ ಎಂಬ ಬೊರ್ಡ್ ಇನ್ನೊಂದು. ಎರಡೂ ಕಾಲಕ್ರಮದಲ್ಲಿ ಬೆರೆತುಹೋದವು. ಅಂಚು ಎಂಬ ಅರ್ಥದ ಶಬ್ದವೇ ಫ್ರೆಂಚಿನ ದಾರಿಯಿಂದ ಬಂದು ಬಾರ್ಡರ್ ಆಯಿತು. ಸೀರೆಯ ಬಾರ್ಡರ್, ರಾಜ್ಯದ ಬಾರ್ಡರ್ ಎರಡಕ್ಕೂ ಅದೇ ಮೂಲ.

ಇಂಗ್ಲಿಷ್ ಪತ್ರಿಕೆ ಓದುವವರಿಗೆ ಎರಡು ಮಾತು. 'ಅಬೌವ್ ಬೋರ್ಡ್' ಎಂದರೆ ಮುಚ್ಚುಮರೆಯಿಲ್ಲದ ವ್ಯವಹಾರ. ಎಲೆಯಾಟದಲ್ಲಿ ಕೈ ಮೇಜಿನ ಮೇಲೆ ಕಾಣುವಂತಿದ್ದರೆ ಮೋಸವಿಲ್ಲ ಎಂಬುದರಿಂದ ಬಂದದ್ದು. 'ಅಕ್ರಾಸ್ ದ ಬೋರ್ಡ್' ಎಂದರೆ ಎಲ್ಲರಿಗೂ ಒಂದೇ ಸಮ. ಅದು ಕುದುರೆ ಜೂಜಿನ ಬೋರ್ಡಿನಿಂದ ಬಂತು.

ಕೊನೆಗೆ ಕೀಬೋರ್ಡ್. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಒಪ್ಪಿದ 'ಇನ್‌ಸ್ಕ್ರಿಪ್ಟ್' ವಿನ್ಯಾಸದಲ್ಲಿ ಭಾರತದ ಲಿಪಿಗಳಿಗೆಲ್ಲ ಒಂದೇ ಜೋಡಣೆ. ಮರಾಠಿಯ 'ಕ' ಯಾವ ಕೀಲಿಯಲ್ಲಿದೆಯೋ ಕನ್ನಡದ 'ಕ'ವೂ ಅದರಲ್ಲೇ. ಶಾಲೆಯಲ್ಲಿ ಈ ವಿನ್ಯಾಸದಲ್ಲಿ ಮರಾಠಿ ಟೈಪಿಂಗ್ ಕಲಿತ ಮಕ್ಕಳು ಕನ್ನಡಕ್ಕೆ ಬೇರೆ ಕ್ಲಾಸಿಗೆ ಹೋಗಬೇಕಿಲ್ಲ. ಕಂಪ್ಯೂಟರಿನಲ್ಲಿ ಭಾಷೆ ಬದಲಿಸಿಕೊಂಡರೆ ಸಾಕು. ನಮ್ಮ ತಾಲೂಕಿನ ಹೆಸರು ಮರಾಠಿಯಲ್ಲಿ 'ಜತ' ಎಂದು ಬರಬೇಕಾದರೆ ಇಂಗ್ಲಿಷಿನ ಪಿ, ಎಲ್ ಕೀಲಿ ಒತ್ತಬೇಕು. ಕನ್ನಡದಲ್ಲಿ 'ಜತ್ತ' ಎಂದು ಬರೆಯಲು ಪಿ, ಎಲ್, ಡಿ, ಎಲ್.